ತಮ್ಮ ಓದಬಾರದ ಕಾಗದ

ಜುಲೈ ೩, ಸೋಮವಾರ

ನಿನ್ನೆಯೂ ನಿದ್ದೆ ಇಲ್ಲ. ಬೆಳಕು ಹರಿಯುವ ಮುಂಚೆಯೇ ಹೋಗಿ ವೆನಿಲ್ಲಾ ಬಳ್ಳಿಗಳ ನಡುವೆ ಕೂತೆ. ಹೂ ಬಿಟ್ಟಿಲ್ಲ, ಮೊಗ್ಗು ಕಟ್ಟಿದೆ. ಬಿಡುವ ಹೊತ್ತಿಗೆ ನಾನಿಲ್ಲಿ ಇರುತ್ತೇನೋ ಇಲ್ಲವೋ.

ತೀರ್ಪಿನ ಪ್ರತಿ ಹಾಸಿಗೆಯ ಕೆಳಗಿದೆ. ತೆಗೆದು ನೋಡಬೇಕಿಲ್ಲ, ಬಾಯಿಪಾಠ ಆಗಿದೆ. ಸತ್ತ ಕಿಟಿಯೋನೆಯ ಹೆಂಡತಿ ಲೊಸಲೀನ, ಅಂದರೆ ನಾನು, ಪರಪುರುಷನ ಸಂಗ ಮಾಡಿದ್ದು ರುಜುವಾತಾಗಿದೆಯಂತೆ. ಆದ್ದರಿಂದ ಮನೆ, ತೋಟದ ಮೇಲೆ ಅವಳಿಗಿದ್ದ ಹಕ್ಕು ಮುಗಿಯಿತಂತೆ. ಮಕ್ಕಳಿಲ್ಲದ ಕಾರಣ ಎಲ್ಲವೂ ಸತ್ತವನ ತಮ್ಮ ಲಿಸಿಯಾತೆಗೆ ಸೇರತಕ್ಕದ್ದಂತೆ. ನಮ್ಮ ಟೋಂಗಾ ದ್ವೀಪಗಳ ಕಾನೂನೇ ಹಾಗೆ. ಗಂಡನ ಜಮೀನು ವಿಧವೆಗೆ ಸಾಯುವ ತನಕ, ಆದರೆ ಒಂಟಿಯಾಗಿದ್ದರೆ ಮಾತ್ರ. ಇನ್ನೊಬ್ಬನನ್ನು ಮದುವೆಯಾದರೂ ಹೋಯಿತು, ಮದುವೆಯಿಲ್ಲದೆ ಕೂಡಿದರೂ ಹೋಯಿತು.

ಆ ಪರಪುರುಷರಾದರೂ ಎಂಥವರು? ದವಾಖಾನೆಯಲ್ಲಿ ಗಾಯಕ್ಕೆ ಕಟ್ಟು ಕಟ್ಟುವ ಫಿಲಿಮೋನೆಯವರು. ಉಬ್ಬುಹಲ್ಲು, ತುಕ್ಕು ಹಿಡಿದ ಸೈಕಲ್ಲು. ಹೆಂಡತಿ ಸತ್ತು ಎಷ್ಟೋ ವರ್ಷವಾಯಿತು. ಅವರು ಮುಂಜಾವದ ಕತ್ತಲಲ್ಲಿ ನಮ್ಮ ಮನೆಗೆ ಬಂದು ಬೆಳಕಾಗುವಾಗ ಹೋಗುತ್ತಿದ್ದುದನ್ನು ಪಕ್ಕದ ಮನೆಯ ವಿಕಾ ನೋಡಿದ್ದಾಳೆ. ಕೋರ್ಟಿನಲ್ಲಿ ಬೈಬಲ್ ಮುಟ್ಟಿ ಹೇಳಿದಳು. ಸುಳ್ಳು ಹೇಳಲಿಲ್ಲ, ಅವರು ಬಂದದ್ದು ನಿಜ. ಯಾಕೆ ಬಂದರು ಎಂಬುದು ಮೂವರಿಗೆ ಗೊತ್ತು. ಅವರಿಗೆ, ನನಗೆ, ಮತ್ತು ಈಗ ಒಳಕೋಣೆಯಲ್ಲಿ ಗೊರಕೆ ಹೊಡೆಯುತ್ತಿರುವ ಗಂಡನ ಅಕ್ಕ, ನನ್ನ ಅತ್ತಿಗೆ ಟೊಕಿಲೂಪೆಗೆ. ಮೂವರೂ ಬಾಯಿಗೆ ಬೀಗ ಹಾಕಿಕೊಂಡು ಕೂತೆವು.

ಅತ್ತಿಗೆ ಎಷ್ಟು ಚೆನ್ನಾಗಿ ನಿದ್ದೆ ಮಾಡುತ್ತಾರೆ! ನನಗೆ ಹೊಟ್ಟೆ ಉರಿಯುತ್ತದೆ.

ಜುಲೈ ೭, ಶುಕ್ರವಾರ

ಪೇಟೆಗೆ ಹೋಗಿ ಹೊಸ ವಕೀಲೆಯನ್ನು ಕಂಡೆ. ಹೆಸರು ಫಿನಾವು. ನಮ್ಮ ಹುಡುಗಿಯೇ, ಆದರೆ ಬೆಳೆದದ್ದು ಓದಿದ್ದು ಆಕ್ಲೆಂಡಿನಲ್ಲಿ. ಮಾತು ಪಟಪಟ. ಮನೆ ಬಿಡಿಸದ ಹಾಗೆ ಸದ್ಯಕ್ಕೆ ತಡೆಯಾಜ್ಞೆ ತಂದುಕೊಟ್ಟಿದ್ದಾಳೆ. ಅಷ್ಟಾದರೂ ಆಯಿತು.

“ತೀರ್ಪನ್ನ ಮತ್ತೆ ತೆರೆಸೋದು ಅಂದ್ರೆ ಅಡುಗೆ ಬೇಯೋಕೆ ಮಣ್ಣು ಮುಚ್ಚಿದ ಒಲೇನ ಅರ್ಧಕ್ಕೆ ಅಗೆದ ಹಾಗೆ ಅಮ್ಮಾ. ಯಾರೂ ಇಷ್ಟಪಡಲ್ಲ. ಹೊಸ ಸಾಕ್ಷಿ ಬೇಕು. ಆಗ ಕೈಗೆ ಸಿಕ್ಕಿರಬಾರ್ದು, ಸಿಕ್ಕಿದ್ರೆ ತೀರ್ಪೇ ಬೇರೆ ಆಗ್ತಿತ್ತು ಅನ್ನೋ ಹಾಗಿರ್ಬೇಕು.”

“ಆಗ್ಲೇ ಗೊತ್ತಿತ್ತು, ಹೇಳಲಿಲ್ಲ ಅಂದ್ರೆ?”

“ಅದು ಹೊಸದಲ್ಲ. ಜಡ್ಜು ‘ಆವಾಗೇನು ನಿದ್ದೆ ಮಾಡ್ತಿದ್ರಾ’ ಅಂತಾರೆ.” ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. “ಏನಾದ್ರೂ ಇದೆಯಾ?”

ಇಲ್ಲ ಎಂದೆ. ಅತ್ತಿಗೆಗೆ ಮಾತು ಕೊಟ್ಟಿದ್ದೇನೆ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಪಕ್ಕದಲ್ಲಿ ಕೂತಿದ್ದ ಮುದುಕ ಎದ್ದು ಬೇರೆ ಸೀಟಿಗೆ ಹೋದ.

ಜುಲೈ ೯, ಭಾನುವಾರ

ಇಗರ್ಜಿಗೆ ಹೋದೆ. ನಾನು ಕೂತ ಬೆಂಚಿನಲ್ಲಿ ನಾನೊಬ್ಬಳೇ. ಪಾದ್ರಿಗಳು ಕ್ಷಮೆಯ ಮೇಲೆ ಉಪದೇಶ ಮಾಡಿದರು. ನನ್ನನ್ನು ಯಾರು ಯಾಕೆ ಕ್ಷಮಿಸಬೇಕು? ಹಾಡುವವರ ಹಿಂದಿನ ಸಾಲಿನಲ್ಲಿ ಫಿಲಿಮೋನೆಯವರ ದಪ್ಪ ದನಿ. ಇಷ್ಟಾದ ಮೇಲೂ ಅವರನ್ನು ಹಾಡಲು ಬಿಟ್ಟಿದ್ದಾರೆ, ಅಂಥ ದನಿ ಇನ್ನೊಂದಿಲ್ಲವಲ್ಲ. ಹೆಂಗಸಿಗೆ ಅಂಥ ರಿಯಾಯಿತಿ ಇಲ್ಲ.

ಜುಲೈ ೧೮, ಮಂಗಳವಾರ

ಇವತ್ತು ಜಗಳ ಆಡಿಬಿಟ್ಟೆ. ಗಂಡನ ಅಕ್ಕನ ಜೊತೆ ಜಗಳ! ನಮ್ಮಲ್ಲಿ ಮನೆಯ ಹಿರಿಯ ಅಕ್ಕ ಅಂದರೆ ತಮ್ಮಂದಿರಿಗೆಲ್ಲ ಮೇಲೆ, ತಮ್ಮಂದಿರ ಹೆಂಡತಿಯರಿಗಂತೂ ಮೋಡದ ಮೇಲಿದ್ದ ಹಾಗೆ. ಕಿಟಿಯೋನೆ ಇದ್ದಿದ್ದರೆ ನಾಚಿಕೆಯಿಂದ ಸಾಯುತ್ತಿದ್ದ.

ಸಿಟ್ಟು ಬಂದದ್ದು ಗೆಣಸಿಗೆ. “ಇನ್ನೂ ಸ್ವಲ್ಪ ಬೇಯ್ಬೇಕಿತ್ತು ಕಣೇ” ಅಂದರು.

“ನಾನೇ ಬೆಂದು ಹೋಗಿದೀನಿ ಅತ್ತಿಗೆ. ಅವತ್ತು ಕಟಕಟೇಲಿ ಒಂದೇ ಒಂದು ಮಾತು ಹೇಳಿದ್ರೆ ಸಾಕಿತ್ತು.”

ಅವರು ತಟ್ಟೆ ಸರಿಸಿದರು.  ಅವತ್ತು ನಡೆದದ್ದೆಲ್ಲ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ದೊಡ್ಡವರ ಮುಂದೆ ನಮ್ಮವರು ಸೊಂಟಕ್ಕೆ ಸುತ್ತುವ ಮರ್ಯಾದೆಯ ಚಾಪೆ ಸುತ್ತಿಕೊಂಡು ಅತ್ತಿಗೆ ನಿಂತಿದ್ದರು. ನಮ್ಮ ಹಳೇ ವಕೀಲ ಕೇಳಿದ, ಆ ಗಂಡಸು ಮನೆಗೆ ಬರುತ್ತಿದ್ದದ್ದು ಯಾಕೆ ಎಂದು. ಅತ್ತಿಗೆಯ ಎದೆಯಲ್ಲಿ ಗಂಟಾಗಿ, ರಾಜಧಾನಿಯ ಆಸ್ಪತ್ರೆಯಲ್ಲಿ ಒಂದು ಮೊಲೆ ತೆಗೆಸಿ, ಸಕ್ಕರೆ ಕಾಯಿಲೆಯಿಂದಾಗಿ ಆ ಗಾಯ ಮಾಗದೆ ದಿನಾ ಕಟ್ಟು ಬಿಚ್ಚಿ ಕಟ್ಟಬೇಕಾಗಿತ್ತು. ಲಿಸಿಯಾತೆ ತನ್ನ ಅಂಗಳದಲ್ಲೇ ಅಕ್ಕನಿಗೆಂದು ಚಿಕ್ಕ ಮನೆ ಕಟ್ಟಿಕೊಟ್ಟಿದ್ದಾನೆ. ಅಲ್ಲಿದ್ದರೆ ಅವನಿಗೆ ಗೊತ್ತಾಗುತ್ತದೆಂದು ನಮ್ಮ ಮನೆಗೆ ಬಂದು ಇದ್ದರು. ದವಾಖಾನೆಯ ಸಾಲಿನಲ್ಲಿ ನಿಂತರೆ ಊರಿಗೇ ಗೊತ್ತಾಗುತ್ತದೆಂದು ಫಿಲಿಮೋನೆಯವರು ಕತ್ತಲಲ್ಲಿ ಬರುತ್ತಿದ್ದರು. ಇಷ್ಟೇ ವಿಷಯ.

ಆದರೆ ಮುಂದಿನ ಬೆಂಚಿನಲ್ಲಿ ಲಿಸಿಯಾತೆ ಕೂತಿದ್ದ. ಅಕ್ಕನ ಎದೆಯ ಮಾತು ತಮ್ಮನ ಕಿವಿಗೆ! ಅಕ್ಕ ತಮ್ಮ ಒಂದು ಕೋಣೆಯಲ್ಲಿ ಕೂತು ಟೀವಿ ಕೂಡ ನೋಡದ ಊರು ನಮ್ಮದು. ಯಾರಾದರೂ ಪೋಲಿ ಮಾತೆತ್ತಿದರೆ ಇಬ್ಬರಲ್ಲೊಬ್ಬರು ಎದ್ದು ಹೋಗಬೇಕು. ಲಿಸಿಯಾತೆ ಎದ್ದು ಹೋಗುವಂತಿರಲಿಲ್ಲ, ದಾವೆ ಹಾಕಿದವನೇ ಅವನು. ‘ಸ್ವಲ್ಪ ಹೊರಗಿರಪ್ಪಾ’ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಹಾಗಂದರೆ ಅಕ್ಕನ ವಿಷಯದಲ್ಲಿ ಏನೋ ಇದೆ ಎಂದು ಡಂಗುರ ಹೊಡೆದ ಹಾಗೆ. ಲಿಸಿಯಾತೆ ನೆಲ ನೋಡಿದ. ಅತ್ತಿಗೆ ಕಿಟಕಿ ನೋಡಿದರು. ನಮ್ಮ ಪದ್ಧತಿ ತಿಳಿಸಲೆಂದು ಜಡ್ಜಿನ ಪಕ್ಕ ಕೂತಿದ್ದ ನಮ್ಮವರೇ ಆದ ಸಲಹೆಗಾರರು ಛಾವಣಿ ನೋಡಿದರು. ನ್ಯೂಜಿಲೆಂಡಿನ ಜಡ್ಜು ಎಲ್ಲರನ್ನೂ ನೋಡಿ, ಹೇಳುವುದಕ್ಕೆ ಏನೂ ಇಲ್ಲ ಎಂದು ಬರೆದುಕೊಂಡರು.

ಸಂಜೆ ಅತ್ತಿಗೆ ತಾವೇ ಬಂದು ನನ್ನ ಪಕ್ಕ ಕೂತರು. “ನಾನೂ ನಿದ್ದೆ ಮಾಡ್ತಿಲ್ಲ ಲೊಸಲೀನ. ಗೊರಕೆ ಹೊಡೆಯೋ ಹಾಗೆ ಮಾಡ್ತೀನಿ, ನಿನಗೆ ಕೇಳಿಸ್ಲಿ ಅಂತ.”

ನನಗೆ ನಗು ಬಂತು. ಸಿಟ್ಟಿನ ನಡುವೆ ನಗು ಬಂದರೆ ಸಿಟ್ಟು ಕೆಟ್ಟುಹೋಗುತ್ತದೆ.

ಜುಲೈ ೨೪, ಸೋಮವಾರ

ಹೂ ಬಿಟ್ಟವು. ವೆನಿಲ್ಲಾ ಹೂ ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಅಷ್ಟರೊಳಗೆ ಒಂದೊಂದನ್ನೂ ಮುಳ್ಳಿನಿಂದ ಬಿಡಿಸಿ ಕೈಯಿಂದ ಪರಾಗ ಕೂಡಿಸದಿದ್ದರೆ ಕಾಯಿ ಕಟ್ಟುವುದಿಲ್ಲ. ಕಿಟಿಯೋನೆ ಇದ್ದಾಗ ಇಬ್ಬರೂ ಎದುರು ಬದುರು ಸಾಲಿನಲ್ಲಿ ಮಾಡುತ್ತಿದ್ದೆವು.

ಫಿಲಿಮೋನೆಯವರು ಈಗ ರಸ್ತೆ ಬಿಟ್ಟು ಸಮುದ್ರದ ಕಡೆಯಿಂದ ತೋಟ ದಾಟಿ ಬರುತ್ತಾರೆ. ತೀರ್ಪು ಏನೇ ಬರಲಿ, ಗಾಯಕ್ಕೆ ಅದು ಗೊತ್ತಿಲ್ಲವಲ್ಲ. ಹಿಂತಿರುಗುವಾಗ ನಾನು ಒಬ್ಬಳೇ ಒದ್ದಾಡುವುದನ್ನು ಕಂಡು ಚೀಲ ಕೆಳಗಿಟ್ಟು ಒಂದು ಸಾಲು ಮಾಡಿಕೊಟ್ಟರು. ಗಾಯ ಮುಟ್ಟಿ ಅಭ್ಯಾಸವಾದ ಕೈ, ಒಂದು ಎಸಳೂ ಹರಿಯಲಿಲ್ಲ. ಮಾತಾಡಲಿಲ್ಲ. ಮಾತಾಡದ ಗಂಡಸು ಇರುವುದು ಒಳ್ಳೆಯದೇ.

ಆಗಸ್ಟ್ ೮, ಮಂಗಳವಾರ

ಅತ್ತಿಗೆ ತಾವಾಗಿಯೇ “ನಡಿ, ನಿನ್ನ ವಕೀಲೆ ಹತ್ರ” ಅಂದರು. ನಾನು ಬೇಡವೆಂದೆ. ನಿಜವಾಗಿ ಬೇಡವೆಂದೆನೋ ಬಾಯಿಮಾತಿಗೆ ಅಂದೆನೋ ತಿಳಿಯದು. ಬಸ್ಸಿನಲ್ಲಿ ಎರಡು ಸೀಟು ಹಿಡಿದು ಚಕ್ರವರ್ತಿನಿಯ ಹಾಗೆ ಕೂತರು.

ಫಿನಾವುಗೆ ಎಲ್ಲವನ್ನೂ ಹೇಳಿದರು, ಕತ್ತೆತ್ತಿಯೇ ಹೇಳಿದರು. ಹುಡುಗಿಯ ಕಣ್ಣು ಅರಳಿಬಿಟ್ಟಿತು.

“ಇಷ್ಟು ಇಟ್ಕೊಂಡು ಸುಮ್ನಿದ್ರಾ ದೊಡ್ಡಮ್ಮಾ? ಆಸ್ಪತ್ರೆ ಕಾಗದ ಇದೆ, ಡ್ರೆಸ್ಸರ್ ಇದಾರೆ, ನೀವಿದೀರ! ಅವತ್ತು ತಮ್ಮನ್ನ ಹೊರಗೆ ಕಳ್ಸಿ ಅಂತ ಕೇಳಿದ್ರೆ ಆಗ್ತಿತ್ತಲ್ಲ?”

“ನಿನಗೆ ಅಣ್ಣ ತಮ್ಮ ಇದಾರೇನೇ?”

“ಇಲ್ಲ.”

“ಅದಕ್ಕೇ ಕೇಳ್ತಿದೀಯ.”

ಫಿನಾವು ಕೆಂಪಾದಳು. ಆಮೇಲೆ ನಿಧಾನಕ್ಕೆ ಅವಳಿಗೆ ದಾರಿ ಕಂಡಿತು. ಸಾಕ್ಷಿ ಇತ್ತು, ಆದರೆ ಆ ಕೋಣೆಯಲ್ಲಿ ಲಿಸಿಯಾತೆ ಇರುವ ತನಕ ಅದು ಸಿಗುವಂತಿರಲಿಲ್ಲ, ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟಂತೆಯೇ. ಹಾಗೆಂದು ವಾದಿಸಬಹುದು ಅಂದಳು. ನನ್ನ ಎದೆ ಹಗುರಾಯಿತು. ಆದರೆ ಅವಳು ಮುಗಿಸಿರಲಿಲ್ಲ.

“ಒಂದು ತೊಡಕಿದೆ. ನೀವು ಬರೆಸೋ ಅಫಿಡವಿಟ್ಟಿನ ನಕಲು ಎದುರಿನವರ ಕೈಗೆ ಕೊಡ್ಲೇಬೇಕು. ಲಿಸಿಯಾತೆಯವರಿಗೆ. ಅವರಿಗೆ ಓದೋ ಅವಕಾಶ ಕೊಡದ ಸಾಕ್ಷೀನ ಕೋರ್ಟು ಮುಟ್ಟಲ್ಲ.”

ಅತ್ತಿಗೆ ಎದ್ದು ನಿಂತರು. ಬರುವಾಗ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತರು.

ಆಗಸ್ಟ್ ೯, ಬುಧವಾರ

ಕೂತಲ್ಲಿ ಕೂರಲಾಗುತ್ತಿಲ್ಲ. ಅಂಗಳ ಎರಡು ಸಲ ಗುಡಿಸಿದೆ. ಹಂದಿಗೂಡು ತೊಳೆದೆ. ವಿಕಾ ಬೇಲಿಯಾಚೆಯಿಂದ “ಏನು ಲೊಸಲೀನ, ಹಬ್ಬವಾ?” ಅಂದಳು. “ಹೌದು, ನಿನ್ನ ನಾಲಗೆಗೆ ಹುಟ್ಟುಹಬ್ಬ” ಅಂದೆ.

ಅತ್ತಿಗೆ ಕೇಳಿದರೆ ಲಿಸಿಯಾತೆ ಪ್ರಾಣವನ್ನೂ ಕೊಡುತ್ತಾನೆ, ಅದು ಊರಿಗೇ ಗೊತ್ತು. ಆದರೆ ಈ ದಾವೆಯ ವಿಷಯವೇ ಹಾದರ. ಆ ಶಬ್ದ ಬರುವ ಮಾತನ್ನು ಅಕ್ಕ ತಮ್ಮನ ಹತ್ತಿರ ಎತ್ತುವುದಾದರೂ ಹೇಗೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂದರೆ ಕೋಲು ಹಿಡಿದವಳ ಕೈ ನೋಯುತ್ತದೆ. ನನಗೆ ಲಿಸಿಯಾತೆಯ ಮೇಲೂ ಪೂರ್ತಿ ಸಿಟ್ಟಿಲ್ಲ. ಜಮೀನಿನ ಆಸೆ ಇರಬಹುದು, ಆದರೆ ನಾನು ಅವನ ಅಣ್ಣನ ಹೆಸರಿಗೆ ಮಸಿ ಬಳಿದೆನೆಂದು ಅವನು ನಿಜವಾಗಿ ನಂಬಿದ್ದಾನೆ. ನಂಬಿದವನನ್ನು ಬೈಯುವುದು ಕಷ್ಟ.

ಆಗಸ್ಟ್ ೧೬, ಬುಧವಾರ

ಬೆಳಗ್ಗೆ ನಾನೇ ಅತ್ತಿಗೆಗೆ ಹೇಳಿದೆ, ಬಿಟ್ಟುಬಿಡೋಣ ಎಂದು. ನಿಮ್ಮ ಮಾನ ದೊಡ್ಡದು, ನಾನು ಬೇರೆ ದ್ವೀಪದಲ್ಲಿ ನನ್ನ ಅಣ್ಣನ ಮಕ್ಕಳ ಮನೆಯಲ್ಲಿ ಮೂಲೆ ಹಿಡಿಯುತ್ತೇನೆ ಎಂದು. ಇದನ್ನು ಹೇಳುತ್ತಿರುವವಳು ನಾನೇನಾ ಎಂದು ನನಗೇ ಅನ್ನಿಸಿತು. ಕಳೆದ ತಿಂಗಳು ಗೆಣಸಿಗೆ ಜಗಳವಾಡಿದವಳು.

ಫಿಲಿಮೋನೆಯವರು ಕಟ್ಟು ಕಟ್ಟಿ ಕೈ ತೊಳೆಯುತ್ತಿದ್ದರು. “ರೋಗಿ ಗುಟ್ಟು ಹೇಳಿ ಕೆಲಸ ಹೋದ್ರೂ ಪರವಾಗಿಲ್ಲ, ನಾನೇ ಹೋಗಿ ಲಿಸಿಯಾತೆಗೆ ಹೇಳಿಬಿಡ್ತೀನಿ” ಅಂದರು.

“ನೀನು ಹೇಳಿದ್ರೆ ಅವನು ನಿನ್ನನ್ನ ಹೊಡೆದು ಹಾಕ್ತಾನೆ. ಆಮೇಲೆ ನನ್ನ ಗಾಯ ಯಾರು ನೋಡ್ಬೇಕು, ನಿನ್ನ ಸೈಕಲ್ಲಾ?” ಎಂದು ಅತ್ತಿಗೆ ಗದರಿದರು. ಆಮೇಲೆ ತುಂಬ ಹೊತ್ತು ತಾವು ಮಲಗುವ ಚಾಪೆಯನ್ನೇ ನೋಡುತ್ತ ಕೂತಿದ್ದರು. ಅಡುಗೆ ಚಾಕು ತರಿಸಿಕೊಂಡು ಆ ಚಾಪೆಯ ಅಂಚಿನಿಂದ ಕೈಯಗಲದ ತುಂಡು ಕತ್ತರಿಸಿದರು.

“ಅಕ್ಕ ಮಲಗೋ ಚಾಪೆ ತಮ್ಮ ಮುಟ್ಟೋ ಹಾಗಿದೆಯೇನೇ?”

“ಇಲ್ಲ.”

“ನಕಲನ್ನ ಇದ್ರಲ್ಲಿ ಸುತ್ತಿ ಕೊಡು ಅಂತ ಹೇಳು ಆ ಹುಡುಗಿಗೆ. ಕಾನೂನು ಕೊಡು ಅಂತು, ಕೊಟ್ವಿ. ಬಿಚ್ಚೋದು ಬಿಡೋದು ಅವನಿಗೆ ಸೇರಿದ್ದು.”

ಅತ್ತಿಗೆಯ ತಲೆಯೇ ತಲೆ. ಆದರೆ ಅವನು ಬಿಚ್ಚಿದರೆ? ದಿನವಿಡೀ ಅದೇ ಯೋಚನೆ.

ಸೆಪ್ಟೆಂಬರ್ ೫, ಮಂಗಳವಾರ

ಕೋರ್ಟಿನ ಜವಾನ ಇವತ್ತು ಕೊಟ್ಟನಂತೆ. ಸುದ್ದಿ ತಂದವಳು ವಿಕಾ, ಬೇಲಿ ಹಾರುವುದೊಂದು ಬಾಕಿ. ಲಿಸಿಯಾತೆ ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದನಂತೆ. ಜವಾನ “ನಿಮ್ಮ ಅಕ್ಕನ ಹೇಳಿಕೆ” ಅಂದಾಗ ಕೈ ಚಾಚಿದವನು ಚಾಪೆಯ ತುಂಡು ನೋಡಿ ಕೈ ಹಿಂದಕ್ಕೆಳೆದನಂತೆ. ಕೆಳಗಿಡು ಎಂದನಂತೆ. ಆ ಕಾಗದ ಜಗಲಿಯ ಮೇಲೆ ಬಿದ್ದಿದೆಯಂತೆ, ಕೋಳಿ ಹತ್ತದ ಹಾಗೆ ಮಕ್ಕಳನ್ನು ಕಾವಲು ಕೂರಿಸಿದ್ದಾನಂತೆ.

“ಏನಿದೆಯೇ ಅದರಲ್ಲಿ?” ವಿಕಾಳಿಗೆ ಬಾಯಲ್ಲಿ ನೀರು.

“ನಿನ್ನ ಸಾಕ್ಷಿಗೆ ಮೆಚ್ಚಿ ಬಹುಮಾನ ಕೊಟ್ಟಿದಾರೆ” ಅಂದೆ.

ಸೆಪ್ಟೆಂಬರ್ ೧೨, ಮಂಗಳವಾರ

ಫಿಲಿಮೋನೆ ಮೂರು ದಿನದಿಂದ ಬಂದಿಲ್ಲ. ಆಚೆ ದ್ವೀಪದಲ್ಲಿ ಮಕ್ಕಳಿಗೆ ಚುಚ್ಚುಮದ್ದಂತೆ. ಅತ್ತಿಗೆಯ ಕಟ್ಟನ್ನು ನಾನೇ ಬದಲಾಯಿಸುತ್ತಿದ್ದೇನೆ. ಹೂ ಮುಗಿಯುತ್ತ ಬಂದಿದೆ, ಕೊನೆಯ ಸಾಲು ಒಬ್ಬಳೇ ಮಾಡಿದೆ, ನಾಲ್ಕು ಹೂ ಹರಿದೆ. ಕೇಸು ಹತ್ತಿರ ಬಂದಿರುವುದರಿಂದಲೇ ಇರಬೇಕು. ಯಾವುದರಲ್ಲೂ ಮನಸ್ಸು ನಿಲ್ಲುವುದಿಲ್ಲ.

ಸೆಪ್ಟೆಂಬರ್ ೨೨, ಶುಕ್ರವಾರ

ಗಾಯ ಪೂರ್ತಿ ಒಣಗಿತು ಎಂದು ಫಿಲಿಮೋನೆ ಹೇಳಿದ. ಅತ್ತಿಗೆ ದೇವರಿಗೆ ಕೈ ಮುಗಿದರು, ನಾನೂ ಮುಗಿದೆ. ಖುಷಿಯ ದಿನ. ಆದರೂ ಮಧ್ಯಾಹ್ನ ಯಾಕೋ ಊಟ ಸೇರಲಿಲ್ಲ.

ಸೆಪ್ಟೆಂಬರ್ ೨೫, ಸೋಮವಾರ

ಬಂದಿದ್ದ. ಬಳ್ಳಿ ಹಬ್ಬಿಸಿದ ಕಂಬ ಒಂದು ವಾಲಿತ್ತಲ್ಲ, ಅದನ್ನು ನೆಟ್ಟಗೆ ಮಾಡಿಕೊಟ್ಟ. ಇನ್ನೂ ಕೆಲವು ವಾಲುವ ಹಾಗಿವೆ ಎಂದ. ನನಗೆ ಹಾಗೇನೂ ಕಾಣಲಿಲ್ಲ. ಅವನಿಗೆ ಕಂಡಿದ್ದರೆ ಇರಬಹುದು.

ಅಕ್ಟೋಬರ್ ೧೦, ಮಂಗಳವಾರ

ಇವತ್ತು ಮತ್ತೆ ಕೋರ್ಟು. ಈಗಲೇ ಬರೆದಿಡಬೇಕು.

ಅದೇ ಕೋಣೆ, ಅದೇ ಜಡ್ಜು, ಅದೇ ಸಲಹೆಗಾರರು. ಲಿಸಿಯಾತೆ ಮುಂದಿನ ಬೆಂಚಿನಲ್ಲಿ. ಅವನ ಪಕ್ಕ ಬಾಳೆ ಎಲೆಯ ಮೇಲೆ ಚಾಪೆ ಸುತ್ತಿದ ಕಾಗದ, ಎಲೆ ಸಮೇತ ಹೊತ್ತು ತಂದಿದ್ದ. ಫಿನಾವು ಎದ್ದು ವಾದ ಮಾಡಿದಳು. ಲಿಸಿಯಾತೆಯ ವಕೀಲ, ಬೊಜ್ಜಿನ ಮನುಷ್ಯ, ಎದ್ದು ಕೂಗಾಡಿದ. ಮುಗಿದ ತೀರ್ಪನ್ನು ಮತ್ತೆ ತೆರೆಯುತ್ತ ಹೋದರೆ ಯಾವ ಮನೆಯ ಯಜಮಾನನೂ ನೆಮ್ಮದಿಯಾಗಿ ಮಲಗಲಾರ, ಟೊಕಿಲೂಪೆ ಎಂಬ ಈ ಹೆಂಗಸು ಆಗಲೇ ಕಟಕಟೆ ಹತ್ತಿ ಇಳಿದಿದ್ದಾಳೆ, ಇದು ಹೊಸ ಸಾಕ್ಷಿ ಹೇಗಾಯಿತು ಎಂದ. ಅವನು ಹೇಳಿದ್ದೂ ಸುಳ್ಳಲ್ಲ, ಅದೇ ನನಗೆ ಭಯ.

ಜಡ್ಜು ಲಿಸಿಯಾತೆಯನ್ನು ಕೇಳಿದರು, ನಕಲು ಓದಿದ್ದೀರಾ ಎಂದು.

“ಇಲ್ಲ ಸ್ವಾಮಿ.”

“ಯಾಕೆ?”

ಅವನು ಆ ಚಾಪೆಯ ಕಡೆ ನೋಡಿದ.  “ಅದು ನಮ್ಮಕ್ಕಂದು ಸ್ವಾಮಿ. ನಾನು ಓದೋ ಅಂಥದ್ದಾಗಿದ್ರೆ ಹಿಂಗೆ ಕಳಿಸ್ತಿರ್ಲಿಲ್ಲ.”

“ಹಾಗಾದರೆ ಅದಕ್ಕೆ ಉತ್ತರ ಹೇಗೆ ಕೊಡುತ್ತೀರಿ?”

“ಕೊಡಲ್ಲ.”

ಅವನ ವಕೀಲ ತೋಳು ಹಿಡಿದು ಜಗ್ಗಿದ. “ಏ ಲಿಸಿಯಾತೆ, ಜಮೀನು ಹೋಗತ್ತೋ! ನಾನಾದ್ರೂ ಓದ್ತೀನಿ ಬಿಡು.”

“ನೀನು ಓದ್ಕೋ. ನಂಗೆ ಹೇಳಿದ್ರೆ ಹಲ್ಲು ಉದುರಿಸ್ತೀನಿ.”

ಎಂದವನೇ ಎದ್ದು ಅತ್ತಿಗೆ ಕೂತಿದ್ದ ಕಡೆಗೆ ಕತ್ತೆತ್ತಿಯೂ ನೋಡದೆ ಹೊರಗೆ ನಡೆದುಬಿಟ್ಟ. ಕಿಟಕಿಯಿಂದ ಕಾಣುತ್ತಿತ್ತು. ಹೋಗಿ ಮಾವಿನ ಮರದ ಬುಡದಲ್ಲಿ ನಮ್ಮ ಕಡೆಗೆ ಬೆನ್ನು ಹಾಕಿ ಕೂತ. ಅಷ್ಟು ದೊಡ್ಡ ಮನುಷ್ಯ ಶಾಲೆಯಿಂದ ಹೊರಗೆ ಹಾಕಿದ ಹುಡುಗನ ಹಾಗೆ ಕಂಡ.  ಅವನು ನನ್ನ ವೈರಿ, ಆದರೂ ಪಾಪ ಅನ್ನಿಸಿತು.

ಸಲಹೆಗಾರರು ಈ ಸಲ ಛಾವಣಿ ನೋಡಲಿಲ್ಲ. ಜಡ್ಜಿನ ಕಿವಿಯ ಹತ್ತಿರ ಬಾಗಿ ತುಂಬ ಹೊತ್ತು ಪಿಸುಗುಟ್ಟಿದರು. ಜಡ್ಜು ಕೇಸಿಗೆ ಸಂಬಂಧವಿಲ್ಲದವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. ಅತ್ತಿಗೆ ಕಟಕಟೆ ಹತ್ತಿದರು. ಎಲ್ಲವನ್ನೂ ಹೇಳಿದರು, ಮೊಲೆ ಅನ್ನುವ ಶಬ್ದವನ್ನು ಮೊಲೆ ಎಂದೇ ಹೇಳಿದರು.

“ಇದನ್ನು ಕಳೆದ ಸಲವೇ ಯಾಕೆ ಹೇಳಲಿಲ್ಲ?” ಎಂದು ಜಡ್ಜು ಕೇಳಿದರು.

“ಕಳೆದ ಸಲ ನನ್ನ ತಮ್ಮ ಆ ಬೆಂಚಲ್ಲಿ ಕೂತಿದ್ದ. ಈಗ ಮರದ ಕೆಳಗೆ ಕೂತಿದಾನೆ.”

ಜಡ್ಜು ಕಿಟಕಿಯ ಕಡೆ ತಿರುಗಿ ಆ ಬೆನ್ನನ್ನು ನೋಡಿದರು. ಏನೂ ಬರೆದುಕೊಳ್ಳಲಿಲ್ಲ.

ಆಮೇಲೆ ಫಿಲಿಮೋನೆಯ ಸರದಿ. ಯಾವತ್ತಿನಿಂದ, ಯಾವ ಗಾಯ, ಯಾವ ಔಷಧಿ, ಎಲ್ಲ ತಡವರಿಸದೆ ಹೇಳಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಅವನಿಗೆ ಒಪ್ಪುತ್ತಿತ್ತು. ಈಗಲೂ ಆ ಮನೆಗೆ ಹೋಗುತ್ತೀರಾ ಎಂದು ಯಾರೂ ಕೇಳಲಿಲ್ಲ. ಕೇಳಿಬಿಟ್ಟರೆ ಎಂದು ನಾನು ಹೆದರುತ್ತಿದ್ದೆ. ಯಾಕೆ ಹೆದರಬೇಕಿತ್ತು? ಕಂಬ ಸರಿ ಮಾಡಲು ಬರುವುದು ಅಪರಾಧವೇ?

ಅಕ್ಟೋಬರ್ ೨೬, ಗುರುವಾರ

ಗೆದ್ದೆವು. ಹಳೇ ತೀರ್ಪು ರದ್ದು. ಮನೆ, ತೋಟ ನನ್ನದು, ಸಾಯುವ ತನಕ, ಒಂಟಿಯಾಗಿದ್ದರೆ.

ಫಿನಾವು ಫೋನಿನಲ್ಲಿ ಕುಣಿಯುತ್ತಿದ್ದಳು. ಅತ್ತಿಗೆ ಅತ್ತರು. ವಿಕಾ ತಟ್ಟೆ ತುಂಬ ಕೆಸುವಿನೆಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ ಪೊಟ್ಟಣ ತಂದಿಟ್ಟು “ನಾನು ಕಂಡದ್ದನ್ನಷ್ಟೇ ಹೇಳಿದ್ದೆ ಕಣೇ” ಎಂದು ಮುಖ ಕೆಳಗೆ ಹಾಕಿದಳು. ಅವಳನ್ನು ಕೂರಿಸಿ ಜೊತೆಯಲ್ಲೇ ಉಂಡೆ.

ನನಗೆ ಏನಾಗಿದೆ? ಸಂಜೆ ತೋಟದ ಸುತ್ತ ತಿರುಗಿದ್ದೇ ತಿರುಗಿದ್ದು. ಗೆದ್ದವರಿಗೆ ನಿದ್ದೆ ಬರಬೇಕಲ್ಲವೇ?

ನವೆಂಬರ್ ೨, ಗುರುವಾರ

ಬೆಳಗ್ಗೆ ಚಹಾ ಕುಡಿಯುವಾಗ ಅತ್ತಿಗೆ ಕಪ್ಪಿನೊಳಗೇ ನೋಡುತ್ತ ಕೇಳಿದರು. “ನನ್ನ ಗಾಯ ಒಣಗಿ ತಿಂಗಳ ಮೇಲಾಯ್ತು. ಇವನಿನ್ನೂ ಯಾರಿಗೆ ಕಟ್ಟು ಕಟ್ಟೋಕೆ ಬರ್ತಿದಾನೆ?”

“ಕಂಬ...” ಅಂದೆ.

“ಆ ಕಂಬಗಳು ನನಗಿಂತ ನೆಟ್ಟಗಿವೆ.”

ನನ್ನ ಕಿವಿ ಬಿಸಿಯಾಯಿತು. ಕೋಪ ಬಂತು, ಅವರು ನನ್ನ ವಿಷಯದಲ್ಲಿ ಆ ಮಾತಾಡಿದರಲ್ಲ ಎಂದು. ಊರು ಅಂದದ್ದನ್ನೇ ನೀವೂ ಅನ್ನುತ್ತೀರಾ ಅಂದೆ.

“ಊರು ಅಂದಾಗ ಅದು ಸುಳ್ಳಾಗಿತ್ತು” ಅಂದರು. ಕಪ್ಪು ತೊಳೆದಿಟ್ಟು ಒಳಗೆ ಹೋದರು.

ನವೆಂಬರ್ ೩, ಶುಕ್ರವಾರ

ಇವತ್ತು ಬರೆಯುವುದಿಲ್ಲ.

ನವೆಂಬರ್ ೪, ಶನಿವಾರ

ಕೇಳಿದೆ. ತೋಟದಲ್ಲಿ, ಹಾಡುಹಗಲಲ್ಲಿ.

“ಯಾಕೆ ಬರ್ತೀರಿ?”

“ನೀವು ಕೇಳ್ತೀರೇನೋ ಅಂತ” ಅಂದ. ಉಬ್ಬುಹಲ್ಲನ್ನು ತುಟಿಯಿಂದ ಮುಚ್ಚಿಕೊಳ್ಳಲು ನೋಡಿದ, ಆಗಲಿಲ್ಲ.

“ಮದುವೆಯಾದ್ರೆ ಇದೆಲ್ಲ ಹೋಗತ್ತೆ. ಗೊತ್ತಲ್ಲ?”

“ಗೊತ್ತು. ಅದಕ್ಕೇ ನಾನು ಬಾಯಿ ಬಿಡ್ಲಿಲ್ಲ. ಕಳ್ಕೊಳ್ಳೋರು ನೀವು, ಕೇಳೋರೂ ನೀವೇ ಆಗ್ಬೇಕು. ನನ್ನ ಹತ್ರ ಎರಡು ಕೋಣೆ, ಒಂದು ಸೈಕಲ್ಲು.”

 ಎಳೆ ಕಾಯಿಗಳು ಗೊಂಚಲು ಗೊಂಚಲಾಗಿ ಇಳಿಬಿದ್ದಿದ್ದವು. ಒಂದೊಂದು ಹೂವನ್ನೂ ನಾನು ಮುಟ್ಟಿ ಕಟ್ಟಿಸಿದ ಕಾಯಿ. ಕೆಲವು ಸಾಲು ಅವನದು. ಯಾವುದು ಯಾರದು ಎಂದು ಈಗ ಹೇಳಲು ಬರುವುದಿಲ್ಲ.

ನವೆಂಬರ್ ೬, ಸೋಮವಾರ

ಲಿಸಿಯಾತೆಯ ಮನೆಗೆ ಹೋದೆ, ಒಬ್ಬಳೇ. ಬಲೆ ಹೊಲಿಯುತ್ತಿದ್ದವನು ಎದ್ದು ನಿಂತ. ಹೆಂಡತಿ ಒಳಗಿಂದ ಇಣುಕಿ ನೋಡಿ ಮಾಯವಾದಳು. ಕೂರಿ ಎಂದ, ಕೂರಲಿಲ್ಲ. ಕೂತರೆ ಮಾತು ಮರೆತುಹೋಗುವ ಭಯ.

“ಮುಂದಿನ ಮೇ ತಿಂಗಳಲ್ಲಿ ಕಾಯಿ ಕೀಳ್ತೀನಿ. ಆ ಫಸಲು ನಂದು. ಆಮೇಲೆ ಮದುವೆ ಆಗ್ತೀನಿ, ಫಿಲಿಮೋನೆ ಜೊತೆ. ಜಮೀನು ನಿನಗೆ ಬರತ್ತೆ. ಬೇರೆಯವರಿಂದ ನೀನು ಕೇಳಬಾರ್ದು ಅಂತ ಬಂದೆ.”

ಅವನ ಬಾಯಿ ತೆರೆದದ್ದು ತೆರೆದೇ ಇತ್ತು. “ಹಂಗಾದ್ರೆ ಲೊಸಲೀನ ಅತ್ತಿಗೆ, ಕೋರ್ಟಿಗೆ ಯಾಕೆ ಹೋದ್ರಿ? ಆಗ್ಲೇ ಬಿಟ್ಟಿದ್ರೆ ಆಗ್ತಿತ್ತಲ್ಲ!”

“ಆಗ ನೀನು ಕಿತ್ಕೊಂಡಿದ್ದೆ. ಈಗ ನಾನು ಕೊಡ್ತಿದೀನಿ.”

ಅವನು ಬಲೆಯ ಗಂಟೊಂದನ್ನು ಬಿಚ್ಚಿದ, ಅದನ್ನೇ ಮತ್ತೆ ಹಾಕಿದ. ನಾನು ಹೊರಡಲು ತಿರುಗಿದೆ. ಆಗ ಹಿಂದಿನಿಂದ ಕೇಳಿದ.

“ಅಕ್ಕ... ಹುಷಾರಾಗಿದಾರಾ?”

ಏನಾಗಿತ್ತು ಎಂದು ಕೇಳಲಿಲ್ಲ. ಇನ್ನು ಮುಂದೆಯೂ ಕೇಳುವುದಿಲ್ಲ. ಅಕ್ಕ ತನಗೆ ಹೇಳಲಾಗದ ಏನನ್ನೋ ಹೊತ್ತುಕೊಂಡು ತನ್ನ ಅಂಗಳ ಬಿಟ್ಟು ಹೋಗಿದ್ದರು ಎಂಬಷ್ಟು ಮಾತ್ರ ಅವನಿಗೆ ತಿಳಿದಿದೆ. ಅಷ್ಟು ತಿಳಿದ ದಿನದಿಂದ ಅವನೂ ನಿದ್ದೆ ಮಾಡಿಲ್ಲ ಎಂದು ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು.

“ಹುಷಾರಾಗಿದಾರೆ ಲಿಸಿಯಾತೆ. ಚೆನ್ನಾಗಿ ಉಣ್ತಾರೆ. ನನ್ನ ಅಡುಗೆಗೆ ಹೆಸರಿಡ್ತಾರೆ.”

ಅವನು ಮುಂಗೈಯಿಂದ ಮುಖ ಒರೆಸಿಕೊಂಡ.  ಆಮೇಲೆ ಜಗಳಕ್ಕೆ ನಿಂತವನ ಹಾಗೆ ಜೋರಾಗಿ ಹೇಳಿದ.

“ಮದುವೆ ಊಟಕ್ಕೆ ದೊಡ್ಡ ಹಂದಿ ನಂದು, ಅದು ಮನೆಯವರೇ ತರ್ಬೇಕು. ಬೇರೆ ಯಾರೂ ತರೋ ಹಾಗಿಲ್ಲ.”